ಹೋಟೆಲ್ ಸ್ಟೇಟಸ್: ಐವತ್ತು ರಾತ್ರಿಗೆ ನಿಲ್ಲಿಸಬೇಕೇ, ನೂರಕ್ಕೆ ಹೋಗಬೇಕೇ?

ಅಕ್ಟೋಬರ್ ಬಂತೆಂದರೆ ಆಫೀಸಿನ ಕೆಲಸಕ್ಕೆ ಊರೂರು ತಿರುಗುವ ಗೆಳೆಯರಿಂದ ಫೋನ್ ಶುರುವಾಗುತ್ತದೆ. ಒಂದೇ ಹೋಟೆಲ್ ಬಳಗದಲ್ಲಿ ವರ್ಷಕ್ಕೆ ಎಷ್ಟು ರಾತ್ರಿ ಉಳಿದಿರಿ ಎಂದು ಎಣಿಸಿ ಆ ಬಳಗ ಕೊಡುವ ದರ್ಜೆಯೇ ಸ್ಟೇಟಸ್, ದರ್ಜೆ ಏರಿದಂತೆ ಸೌಲಭ್ಯವೂ ಏರುತ್ತದೆ. ಹೋಟೆಲ್ ಆ್ಯಪ್‌ನಲ್ಲಿ ಈ ವರ್ಷದ ರಾತ್ರಿಗಳು ಅರವತ್ತು ದಾಟಿವೆ, ಡಿಸೆಂಬರ್ 31ರೊಳಗೆ ಎಪ್ಪತ್ತೈದು ಮಾಡಿಕೊಳ್ಳಲೇ ಎಂದು ಒಬ್ಬರು. ನೂರು ಮುಟ್ಟಿದರೆ ನನ್ನ ಕೆಲಸ ನೋಡಿಕೊಳ್ಳಲು ಅಂತಲೇ ಒಬ್ಬರನ್ನು ಕೊಡುತ್ತಾರಂತೆ, ಅದಕ್ಕೆ ಪ್ರಯತ್ನ ಪಡಲೇ ಎಂದು ಇನ್ನೊಬ್ಬರು. ಕ್ರೆಡಿಟ್ ಕಾರ್ಡಿಗೆ ವರ್ಷಕ್ಕೆ ಎಪ್ಪತ್ತು ಎಂಬತ್ತು ಸಾವಿರ ಕಟ್ಟಿದರೆ ಕಾನ್ಸಿಯರ್ಜ್ ಸೇವೆ (ಟೇಬಲ್, ಟಿಕೆಟ್‌ನಂಥ ಕೆಲಸ ಮಾಡಿಕೊಡುವ ಸಹಾಯಕರು) ಸಿಗುತ್ತದಲ್ಲ, ಅದೇ ಸಾಲದೇ ಎಂಬುದು ಮೂರನೆಯವರ ಲೆಕ್ಕ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಾಗಿ ಭಾರತದೊಳಗೇ ಓಡಾಡುವವರು ಐವತ್ತು ರಾತ್ರಿಯ ದರ್ಜೆಗೆ ಸ್ವಲ್ಪ ಶ್ರಮ ಪಟ್ಟರೂ ಸರಿ, ಅದು ಹಾಕಿದ್ದಕ್ಕೆ ಮೋಸವಿಲ್ಲದ ದರ್ಜೆ. ಎಪ್ಪತ್ತೈದು ತಾನಾಗಿ ಬಂದರೆ ಬರಲಿ. ನೂರು ರಾತ್ರಿಯ ಮೆಟ್ಟಿಲನ್ನು ಮಾತ್ರ ಬೆನ್ನಟ್ಟಬೇಡಿ. ಕಾನ್ಸಿಯರ್ಜ್ ವಿಷಯದಲ್ಲಿ, ಬಹಳಷ್ಟು ಜನ ಹಣ ಕೊಟ್ಟು ಹುಡುಕುವ ಸಹಾಯ ಹೋಟೆಲಿನ ಲಾಬಿಯಲ್ಲೇ ಎಲ್ಲರಿಗೂ ಬಿಟ್ಟಿಯಾಗಿ ಕೂತಿರುತ್ತದೆ. ಹಾಗೇಕೆ ಎನ್ನುತ್ತೇನೆ ಎಂಬುದಕ್ಕೆ ಲೆಕ್ಕ ಕೆಳಗಿದೆ.

ಉದಾಹರಣೆಗೆ ಮ್ಯಾರಿಯಟ್ ಹೋಟೆಲ್ ಬಳಗದ ಸದಸ್ಯತ್ವ ಯೋಜನೆಯಾದ ಮ್ಯಾರಿಯಟ್ ಬಾನ್‌ವಾಯ್ ತೆಗೆದುಕೊಳ್ಳುತ್ತೇನೆ. ಜಗತ್ತಿನಲ್ಲಿ 9,000ಕ್ಕೂ ಹೆಚ್ಚು ಹೋಟೆಲ್‌ಗಳಿರುವ ಬಳಗ ಅದು, ನಮ್ಮವರು ಹೆಚ್ಚು ಉಳಿದುಕೊಳ್ಳುವುದೂ ಅಲ್ಲೇ. ಹಯಾತ್, ತಾಜ್, ಕಾರ್ಡುಗಳ ಮಾತು ಆಮೇಲೆ.

ಮೆಟ್ಟಿಲುಗಳು

ಒಂದು ಕ್ಯಾಲೆಂಡರ್ ವರ್ಷದಲ್ಲಿ 10 ರಾತ್ರಿ ಕಳೆದರೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಮ್, 75ಕ್ಕೆ ಟೈಟೇನಿಯಮ್. ಅದರ ಮೇಲೆ ಅಂಬಾಸಿಡರ್: 100 ರಾತ್ರಿ, ಜೊತೆಗೆ ವರ್ಷಕ್ಕೆ 23,000 ಡಾಲರ್ ಖರ್ಚು. ಎರಡೂ ಆಗಬೇಕು, ಒಂದು ಸಾಲದು.

ಕೆಳಗಿನ ನಾಲ್ಕು ಮೆಟ್ಟಿಲಿಗೆ ಹಣದ ಷರತ್ತೇ ಇಲ್ಲ ಎಂಬುದನ್ನು ಗಮನಿಸಿ. ಬೆಂಗಳೂರಿನಲ್ಲಿ ಈ ಬಳಗದ ಅಗ್ಗದ ಹೋಟೆಲಾದ ರಾಜಾಜಿನಗರದ ಫೇರ್‌ಫೀಲ್ಡ್‌ನಲ್ಲಿ ಕಳೆದ ರಾತ್ರಿಯೂ ರೆಸಿಡೆನ್ಸಿ ರಸ್ತೆಯ ದುಬಾರಿ ರಿಟ್ಜ್ ಕಾರ್ಲ್ಟನ್‌ನಲ್ಲಿ ಕಳೆದ ರಾತ್ರಿಯೂ ಎಣಿಕೆಗೆ ಒಂದೇ. ಭಾರತದ ದರದಲ್ಲಿ ಉಳಿದುಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಅಮೆರಿಕದಲ್ಲಿ ಇಷ್ಟೇ ಹಣಕ್ಕೆ ಇಷ್ಟು ರಾತ್ರಿ ಸಿಗುವುದಿಲ್ಲ.

ಕೊನೆಯ ಮೆಟ್ಟಿಲಿನಲ್ಲಿ ಇದೇ ಅನುಕೂಲ ತಿರುಗಿ ಬೀಳುತ್ತದೆ. ಡಾಲರಿಗೆ ₹85 ಎಂದು ಕಡಿಮೆಯಲ್ಲೇ ಹಿಡಿದರೂ 23,000 ಡಾಲರ್ ಎಂದರೆ ₹19.5 ಲಕ್ಷ. ನೂರು ರಾತ್ರಿಗೆ ಹಂಚಿದರೆ ತೆರಿಗೆ ಬಿಟ್ಟು ದಿನಕ್ಕೆ ₹19,500ರಷ್ಟು. ಪುಣೆ, ಹೈದರಾಬಾದ್, ಚೆನ್ನೈ ಎಂದು ಓಡಾಡುವವರಿಗೆ ಆಫೀಸು ಕೊಡುವ ದರ ₹9,000 ಇದ್ದರೆ ನೂರು ರಾತ್ರಿಗೆ ₹9 ಲಕ್ಷ, ಅಂದರೆ ಹತ್ತೂವರೆ ಸಾವಿರ ಡಾಲರ್ ಆಸುಪಾಸು. ರೂಮಿನ ಬಿಲ್ಲಿಗೆ ಬರೆಸಿದ ಊಟ ತಿಂಡಿ ಸೇರಿಸಿದರೂ ಗುರಿ ಬಹುದೂರ. ವರ್ಷದಲ್ಲಿ ನೂರು ರಾತ್ರಿ ಮನೆ ಬಿಟ್ಟಿದ್ದ ಮನುಷ್ಯ ಟೈಟೇನಿಯಮ್‌ನಲ್ಲೇ ಉಳಿಯುತ್ತಾನೆ. ಮುಂಬೈ ಇರಲಿ, ಸಿಂಗಪುರ, ಲಂಡನ್, ನ್ಯೂಯಾರ್ಕ್ ಎಂದು ದುಬಾರಿ ಊರುಗಳಲ್ಲಿ ಅರ್ಧ ವರ್ಷ ಕಳೆಯದಿದ್ದರೆ ಆ ಮೆಟ್ಟಿಲು ನಮ್ಮ ದರಕ್ಕೆ ಹೊಂದುವಂಥದ್ದೇ ಅಲ್ಲ. ಎಂಬತ್ತು ರಾತ್ರಿಗೆ ಬಂದು ಇನ್ನಿಪ್ಪತ್ತು ಮಾಡುತ್ತೇನೆ ಎನ್ನುವವರು ಮೊದಲು ಆ್ಯಪ್‌ನಲ್ಲಿ ಖರ್ಚಿನ ಅಂಕಿ ತೆರೆದು ನೋಡಬೇಕು. ರಾತ್ರಿಗಳನ್ನು ಮಾತ್ರ ನೋಡಿ ಹೊರಟರೆ ಸುಮ್ಮನೆ ದಣಿವು.

ಐವತ್ತಕ್ಕೆ ಸಿಗುವುದು

ಪ್ಲಾಟಿನಮ್ ಆದ ದಿನದಿಂದ ನಾಲ್ಕು ಸಂಗತಿ ಬದಲಾಗುತ್ತವೆ: ಸಂಜೆ 4 ಗಂಟೆಯವರೆಗೆ ಚೆಕ್‌ಔಟ್, ಲೌಂಜ್ (ತಿನಿಸು, ಪಾನೀಯ ಇಟ್ಟಿರುವ ಪ್ರತ್ಯೇಕ ಕೋಣೆ) ಇರುವ ಕಡೆ ಅದಕ್ಕೆ ಪ್ರವೇಶ, ಬಹಳಷ್ಟು ಬ್ರ್ಯಾಂಡ್‌ಗಳಲ್ಲಿ ತಿಂಡಿ, ಖಾಲಿ ಇದ್ದರೆ ದೊಡ್ಡ ರೂಮು ಅಥವಾ ಸೂಟ್.

ನಾನು ಅತಿ ಹೆಚ್ಚು ಬೆಲೆ ಕಟ್ಟುವುದು 4 ಗಂಟೆಯ ಚೆಕ್‌ಔಟ್‌ಗೆ. ಬೆಳಗಿನ ಮೀಟಿಂಗ್ ಮುಗಿಸಿ, ರೂಮಿಗೆ ಬಂದು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಒಂದು ಗಂಟೆ ಕಣ್ಣು ಮುಚ್ಚಿ ಸಂಜೆಯ ವಿಮಾನಕ್ಕೆ ಹೊರಡುವುದು ಬೇರೆ. ಹನ್ನೆರಡಕ್ಕೆ ಸಾಮಾನು ಲಾಬಿಯಲ್ಲಿ ಬಿಟ್ಟು ಬೆವರಿದ ಶರ್ಟಿನಲ್ಲೇ ದಿನ ಕಳೆಯುವುದು ಬೇರೆ. ರೆಸಾರ್ಟ್ ಮತ್ತು ಕನ್ವೆನ್ಷನ್ ಹೋಟೆಲ್‌ಗಳಲ್ಲಿ ಮಾತ್ರ ಇದು ಖಾತ್ರಿಯಲ್ಲ, ಅನುಕೂಲ ನೋಡಿ ಕೊಡುತ್ತಾರೆ. ಕೊಡಗಿನಲ್ಲಿ ಭಾನುವಾರ ಸಂಜೆ ನಾಲ್ಕರವರೆಗೆ ರೂಮು ಸಿಗುತ್ತದೆಂದು ನಂಬಿಕೊಂಡು ಪ್ಲ್ಯಾನ್ ಮಾಡಬೇಡಿ.

ಲೌಂಜ್‌ನ ಬೆಲೆ ನಿಮ್ಮ ದಿನಚರಿ ಮೇಲೆ. ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲಿ ವಾರಗಟ್ಟಲೆ ಉಳಿದು ಕೆಲಸ ಮಾಡುವ ಚೆನ್ನೈನ ಸಹೋದ್ಯೋಗಿಯೊಬ್ಬರಿದ್ದಾರೆ. ಸಂಜೆ ಆರೂವರೆಗೆ ಲೌಂಜ್‌ಗೆ ಬಂದು ಲ್ಯಾಪ್‌ಟಾಪ್ ತೆರೆಯುತ್ತಾರೆ. ಎದುರಿಗೆ ಬಿಸಿ ಪಕೋಡ, ಸ್ವಲ್ಪ ಸಲಾಡ್, ಸೂಪು, ಎರಡು ಬಗೆ ಸಿಹಿ. ಎಂಟಕ್ಕೆ ಎದ್ದಾಗ ಅವರ ರಾತ್ರಿಯೂಟ ಮುಗಿದಿರುತ್ತದೆ, ನಾಳೆಯ ಪ್ರೆಸೆಂಟೇಷನ್ನೂ ಮುಗಿದಿರುತ್ತದೆ. ಅಂಥವರಿಗೆ ಲೌಂಜ್ ನಿಜವಾದ ಉಳಿತಾಯ. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಏಳಕ್ಕೆ ಹೊರಡುವವರಿಗೆ ಅದು ಬಾಗಿಲು ಮುಚ್ಚಿದ ಕೋಣೆಯಷ್ಟೇ.

ತಿಂಡಿಯ ಲೆಕ್ಕದಲ್ಲಿ ಬಹಳ ಜನ ಎರಡು ಸಲ ಎಣಿಸುತ್ತಾರೆ. ಕಂಪನಿಯ ದರದಲ್ಲಿ ತಿಂಡಿ ಸೇರಿಯೇ ಇರುವುದು ನಮ್ಮಲ್ಲಿ ಸಾಮಾನ್ಯ. ಹಾಗಿರುವಾಗ ಸ್ಟೇಟಸ್‌ನಿಂದ ನಿಮಗೆ ಹೊಸದಾಗಿ ಸಿಕ್ಕಿದ್ದೇನೂ ಇಲ್ಲ. ತಿಂಡಿಯ ಲಾಭ ಕಾಣುವುದು ಮನೆಯವರ ಜೊತೆ ಸ್ವಂತ ಖರ್ಚಿನಲ್ಲಿ ಹೋದಾಗ. ತಲೆಗೆ ₹1,200 ಎಂದು ಹಿಡಿದರೆ ಇಬ್ಬರಿಗೆ ಮೂರು ದಿನಕ್ಕೆ ₹7,200. ಸಾಮಾನ್ಯವಾಗಿ ಸದಸ್ಯ ಮತ್ತು ಜೊತೆಗಿರುವ ಒಬ್ಬರಿಗೆ ಈ ಸೌಲಭ್ಯ. ಮಕ್ಕಳಿಗೆ ಹೇಗೆ ಎಂದು ಆಯಾ ಹೋಟೆಲಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಬಳಗದ ಅತಿ ದುಬಾರಿ ಹೆಸರುಗಳಲ್ಲಿ ಒಂದಾದ ರಿಟ್ಜ್ ಕಾರ್ಲ್ಟನ್‌ನಲ್ಲಿ ಪ್ಲಾಟಿನಮ್‌ಗೂ ಟೈಟೇನಿಯಮ್‌ಗೂ ಬಿಟ್ಟಿ ತಿಂಡಿಯೂ ಇಲ್ಲ, ಕ್ಲಬ್ ಲೌಂಜೂ ಇಲ್ಲ. ಅದೇ ಊರಿನ ಜೆಡಬ್ಲ್ಯೂ ಮ್ಯಾರಿಯಟ್‌ನಲ್ಲಿ ಅದೇ ಸದಸ್ಯನಿಗೆ ಹೆಚ್ಚು ಸಿಗುತ್ತದೆ. ಮದುವೆಯ ವಾರ್ಷಿಕೋತ್ಸವಕ್ಕೆಂದು ಪಾಯಿಂಟ್ಸ್ (ಬಿಲ್ಲಿಗೆ ತಕ್ಕಂತೆ ಖಾತೆಗೆ ಬೀಳುವ, ಮುಂದೆ ರೂಮಿಗೆ ಬಳಸಬಹುದಾದ ಅಂಕ) ಕೂಡಿಟ್ಟು ರಿಟ್ಜ್‌ಗೆ ಹೋಗುವವರು ತಿಂಡಿಯ ಬಿಲ್ಲನ್ನು ಮೊದಲೇ ಲೆಕ್ಕಕ್ಕೆ ಹಿಡಿದಿಟ್ಟುಕೊಂಡರೆ ಬೆಳಿಗ್ಗೆ ಬೇಸರವಾಗುವುದಿಲ್ಲ.

ಸೂಟ್ ಸಿಗುವುದು ಅದೃಷ್ಟದ ಮಾತು. ಭಾರತದಲ್ಲಿ ವಾರದ ದಿನಗಳಲ್ಲಿ ವ್ಯಾಪಾರದ ಹೋಟೆಲ್‌ಗಳು ತುಂಬಿರುತ್ತವೆ, ಶನಿವಾರ ಭಾನುವಾರ ಖಾಲಿ ಇರುತ್ತವೆ. ರೆಸಾರ್ಟ್‌ಗಳಲ್ಲಿ ಇದರ ತಿರುವುಮುರುವು. ಸಿಟಿಯ ಹೋಟೆಲಿನಲ್ಲಿ ವಾರಾಂತ್ಯ ಕಳೆಯುವ ಮನಸ್ಸಿದ್ದರೆ ಸೂಟಿನ ಸಾಧ್ಯತೆ ತುಂಬಾ ಹೆಚ್ಚು. ಐವತ್ತು ರಾತ್ರಿ ಮುಗಿದಾಗ ಆರಿಸಿಕೊಳ್ಳಲು ಕೊಡುವ ಉಡುಗೊರೆಗಳಲ್ಲಿ ಐದು ರಾತ್ರಿಯ ಅಪ್‌ಗ್ರೇಡ್ ಅವಾರ್ಡ್ (ಮೊದಲೇ ಕೇಳಿಟ್ಟು ಮೇಲಿನ ದರ್ಜೆಯ ರೂಮು ಪಡೆಯುವ ಅವಕಾಶ) ಒಂದು. ಅದನ್ನು ಇಂಥ ಕಡೆ ಬಳಸಿದರೆ ಫಲ ಬರುತ್ತದೆ.

ಐವತ್ತಕ್ಕೆ ಹೋಗುವ ದಾರಿಯನ್ನು ಭಾರತದಲ್ಲಿ ಸ್ವಲ್ಪ ಮೊಟಕು ಮಾಡಬಹುದು. 2023ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಮ್ಯಾರಿಯಟ್ ಜೊತೆಗೂಡಿ ಒಂದು ಕ್ರೆಡಿಟ್ ಕಾರ್ಡ್ ತಂದಿತು. ಶುಲ್ಕ ₹3,000, ಜಿಎಸ್‌ಟಿ ಸೇರಿ ₹3,540. ಅದರ ಜೊತೆ ಹತ್ತು ರಾತ್ರಿಗಳ ಎಣಿಕೆ ಖಾತೆಗೆ ಬೀಳುತ್ತದೆ, 15,000 ಪಾಯಿಂಟ್ಸ್ ಬೆಲೆಯವರೆಗಿನ ರೂಮಿನಲ್ಲಿ ಒಂದು ಉಚಿತ ರಾತ್ರಿಯೂ ಇದೆ. ಅಲ್ಲಿಗೆ ಐವತ್ತರ ಗುರಿ ನಲವತ್ತಾಯಿತು. ಪ್ಲಾಟಿನಮ್ ಬೇಕೆನ್ನುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ. ಇದನ್ನು ಕ್ಲಬ್ ಮ್ಯಾರಿಯಟ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಫೋನ್ ಮಾಡಿ ಮಾರುವ ಕ್ಲಬ್ ಮ್ಯಾರಿಯಟ್ ಊಟದ ರಿಯಾಯಿತಿಯ ಬೇರೆಯೇ ಸದಸ್ಯತ್ವ, ಅದರಿಂದ ಪ್ಲಾಟಿನಮ್ ಬರುವುದಿಲ್ಲ.

ಐವತ್ತರಿಂದ ಎಪ್ಪತ್ತೈದು

ಪ್ಲಾಟಿನಮ್‌ಗೆ ಮೂಲ ಪಾಯಿಂಟ್ಸ್ ಮೇಲೆ ಶೇ 50 ಹೆಚ್ಚುವರಿ, ಟೈಟೇನಿಯಮ್‌ಗೆ ಶೇ 75. ದಿನಕ್ಕೆ ₹9,000ದ ರೂಮಿಗೆ ಸುಮಾರು 1,050 ಮೂಲ ಪಾಯಿಂಟ್ಸ್. ಈ ಎರಡು ದರ್ಜೆಯ ನಡುವಿನ ವ್ಯತ್ಯಾಸ ರಾತ್ರಿಗೆ 260 ಚಿಲ್ಲರೆ ಪಾಯಿಂಟ್ಸ್. ಪಾಯಿಂಟಿಗೆ 50 ಪೈಸೆ ಎಂದು ಹಿಡಿದರೆ ರಾತ್ರಿಗೆ ₹130. ವರ್ಷಪೂರ್ತಿ ಎಪ್ಪತ್ತೈದು ರಾತ್ರಿಗೂ ಹತ್ತು ಸಾವಿರದ ಒಳಗೇ. ಇಷ್ಟಕ್ಕಾಗಿ ಯಾರೂ ಓಡಬೇಕಿಲ್ಲ.

ತೂಕ ಇರುವುದು ಎಪ್ಪತ್ತೈದಕ್ಕೆ ಸಿಗುವ ಎರಡನೇ ಉಡುಗೊರೆಯಲ್ಲಿ. ಅಲ್ಲಿ 40,000 ಪಾಯಿಂಟ್ಸ್‌ವರೆಗಿನ ಉಚಿತ ರಾತ್ರಿಯನ್ನು ಆರಿಸಿಕೊಳ್ಳಬಹುದು. ಅದೇ ಲೆಕ್ಕದಲ್ಲಿ ₹20,000ದ ವಸ್ತು. ಈಗ ಅರವತ್ತರಲ್ಲಿ ನಿಂತು ಯೋಚಿಸುವವರ ಎದುರು ಪ್ರಶ್ನೆ ನೇರವಾಗಿದೆ. ಉಳಿದ ಹದಿನೈದು ರಾತ್ರಿ ಹೇಗೂ ಪ್ರಯಾಣ ಇದ್ದರೆ ಅದೇ ಬಳಗದಲ್ಲಿ ಉಳಿಯಿರಿ, ಮಾತು ಮುಗಿಯಿತು. ಪ್ರಯಾಣ ಇಲ್ಲದೆ ರಾತ್ರಿಗಾಗಿಯೇ ಅಗ್ಗದ ರೂಮು ಹಿಡಿಯುವುದಾದರೆ, ₹4,500ರ ರೂಮಿಗೆ ಶೇ 5 ಜಿಎಸ್‌ಟಿ ಸೇರಿ ₹4,725, ಹದಿನೈದಕ್ಕೆ ₹70,875. ಎಪ್ಪತ್ತು ಸಾವಿರ ಕೊಟ್ಟು ಇಪ್ಪತ್ತು ಸಾವಿರದ ರಾತ್ರಿ, ಮೇಲೊಂದಿಷ್ಟು ಪಾಯಿಂಟ್ಸ್ ಪಡೆಯುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಎರಡೋ ಮೂರೋ ರಾತ್ರಿ ಕಡಿಮೆ ಬಿದ್ದಿದ್ದರೆ ಮಾತ್ರ ಇಂಥ ಖರ್ಚು ಸಮಂಜಸ. ಆಗಲೂ ನೀವೇ ಹೋಗಿ ಚೆಕ್‌ಇನ್ ಮಾಡಬೇಕು. ಒಂದೇ ರಾತ್ರಿಗೆ ಮೂರು ರೂಮು ಹಿಡಿದರೆ ಪಾಯಿಂಟ್ಸ್ ಮೂರಕ್ಕೂ ಬಂದರೂ ದರ್ಜೆಗೆ ಎಣಿಕೆ ಒಂದೇ ರಾತ್ರಿ.

ನೂರು ರಾತ್ರಿ ಮತ್ತು ಒಬ್ಬ ಅಂಬಾಸಿಡರ್

ಅಂಬಾಸಿಡರ್ ದರ್ಜೆಯಲ್ಲಿ ಹೆಚ್ಚುವರಿ ಪಾಯಿಂಟ್ಸ್ ಟೈಟೇನಿಯಮ್‌ನಷ್ಟೇ, ಶೇ 75. ಹೊಸದಾಗಿ ಬರುವುದು ಮುಖ್ಯವಾಗಿ ಎರಡು. ಒಂದು, ‘ಯುವರ್24’: ಚೆಕ್‌ಇನ್ ಯಾವ ಗಂಟೆಗೋ ಅಲ್ಲಿಂದ ಇಪ್ಪತ್ತನಾಲ್ಕು ಗಂಟೆ ರೂಮು ನಿಮ್ಮದು. ಮೊದಲೇ ಕೇಳಬೇಕು, ಹೋಟೆಲ್ ಒಪ್ಪಬೇಕು. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಯುರೋಪು, ಕೊಲ್ಲಿ ರಾಷ್ಟ್ರಗಳಿಂದ ನಡುರಾತ್ರಿ ಇಳಿದು, ನಡುರಾತ್ರಿಯೇ ಹೊರಡುವವರಿಗೆ ಇದರ ಬೆಲೆ ಗೊತ್ತು. ರಾತ್ರಿ ಒಂಬತ್ತಕ್ಕೆ ಬಂದು ಮರುದಿನ ರಾತ್ರಿ ಒಂಬತ್ತಕ್ಕೆ ಬಿಟ್ಟರೆ ಒಂದೇ ರಾತ್ರಿಯ ದುಡ್ಡು.

ಎರಡನೆಯದು, ನಿಮ್ಮ ಕೆಲಸ ನೋಡಿಕೊಳ್ಳಲು ಅಂತಲೇ ಕೊಡುವ ಆ ‘ಒಬ್ಬರು’, ಅಂದರೆ ಅಂಬಾಸಿಡರ್. ಅವರು ನೀವು ಉಳಿಯುವ ಹೋಟೆಲಿನಲ್ಲಿ ಇರುವುದಿಲ್ಲ, ಕಂಪನಿಯ ಸೇವಾ ಕೇಂದ್ರದಲ್ಲಿ ಇರುತ್ತಾರೆ. ನೀವು ಇಮೇಲ್ ಬರೆಯುತ್ತೀರಿ, ಅವರು ಹೋಟೆಲಿಗೆ ಬರೆಯುತ್ತಾರೆ. ಸೂಟ್ ಕೊಡಿ ಎಂದು ಹೋಟೆಲಿಗೆ ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ, ಕೇಳಿಕೊಳ್ಳಬಲ್ಲರು. ಬಿಟ್ಟುಹೋದ ಪಾಯಿಂಟ್ಸ್ ಸರಿಪಡಿಸುವುದು, ಬುಕಿಂಗ್ ಬದಲಿಸುವುದು, ಮುಂದಿನ ಊರಿನ ಹೋಟೆಲಿಗೆ ನಿಮ್ಮ ಅಗತ್ಯ ಮುಟ್ಟಿಸುವುದು ಅವರ ಕೆಲಸ.

ನನಗೆ ಈ ಸೇವೆ ಇದ್ದ ವರ್ಷ ತಾಯಿಯನ್ನು ಸಿಂಗಪುರಕ್ಕೆ ಕರೆದೊಯ್ದೆ. ಮಂಡಿ ನೋವಿನ ಎಪ್ಪತ್ತರ ಹೆಂಗಸಿಗೆ ಬಾತ್‌ಟಬ್‌ನ ಎತ್ತರದ ಅಂಚು ದಾಟುವುದೇ ದೊಡ್ಡ ಕಷ್ಟ. ಅದನ್ನೇ ಬರೆದೆ: ಟಬ್ ಬೇಡ, ನೆಲದ ಮಟ್ಟದ ಶವರ್ ಬೇಕು, ರೂಮು ಲಿಫ್ಟಿಗೆ ಹತ್ತಿರ ಇರಲಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ತಿಂಡಿ ಏನಾದರೂ ಇದೆಯೇ. ಎರಡು ದಿನದಲ್ಲಿ ಉತ್ತರ ಬಂತು, ಜೊತೆಗೆ ಆ ರೂಮಿನ ಬಚ್ಚಲಿನ ಫೋಟೋ. ಶವರ್‌ನೊಳಗೆ ಹಿಡಿದುಕೊಳ್ಳಲು ಕಂಬಿ, ಕೂರಲು ಒಂದು ಸ್ಟೂಲು. ಮುಂದಿನ ಸಲ ಇನ್ನೊಂದು ಊರಿಗೆ ಬುಕ್ ಮಾಡಿದಾಗ ನಾನು ಬಾಯಿ ಬಿಡುವ ಮೊದಲೇ ‘ಈ ಸಲವೂ ನಿಮ್ಮ ತಾಯಿ ಬರುತ್ತಾರೆಯೇ’ ಎಂದು ನನ್ನ ಅಂಬಾಸಿಡರ್ ಕೇಳಿದರು.

ಅಂಬಾಸಿಡರ್ ಸೇವೆಯ ನಿಜವಾದ ಬೆಲೆ ಆ ನೆನಪಿನಲ್ಲಿದೆ. ಪ್ರತಿ ಊರಿನಲ್ಲೂ ಮೊದಲಿಂದ ವಿವರಿಸಬೇಕಿಲ್ಲ. ಒಳ್ಳೆಯವರು ಸಿಕ್ಕಿ, ವರ್ಷಗಟ್ಟಲೆ ಅವರೇ ಮುಂದುವರಿದರೆ ಇದಕ್ಕಿಂತ ಹಿತವಾದದ್ದು ಇಲ್ಲ. ಆದರೆ ಅದು ಸಂಪೂರ್ಣವಾಗಿ ವ್ಯಕ್ತಿಯ ಮೇಲೆ ನಿಂತದ್ದು. ಅವರು ಕೆಲಸ ಬದಲಿಸಿದ ದಿನ ಹೊಸಬರೊಂದಿಗೆ ಮತ್ತೆ ಸೊನ್ನೆಯಿಂದ ಶುರು. ಹತ್ತೊಂಬತ್ತೂವರೆ ಲಕ್ಷದ ಖರ್ಚನ್ನು ಇದೊಂದಕ್ಕಾಗಿ ಗುರಿ ಮಾಡಿಕೊಳ್ಳಬಾರದು ಎನ್ನುವುದು ಅದಕ್ಕೇ. ಆ ದರ್ಜೆ ಈಗ ಇಲ್ಲದಿರುವಾಗಲೂ ಅದೇ ನಾಲ್ಕು ಸಾಲನ್ನು ನಾನೇ ನೇರವಾಗಿ ಹೋಟೆಲಿಗೆ ಬರೆಯುತ್ತೇನೆ, ಬಹುಪಾಲು ಸಲ ಕೆಲಸ ಆಗುತ್ತದೆ.

ಬರೆಯುವ ಕ್ರಮ ಮುಖ್ಯ. ಬರುವ ನಾಲ್ಕು ದಿನ ಮೊದಲು ಹೋಟೆಲಿನ ಫ್ರಂಟ್ ಆಫೀಸಿಗೆ ಅಥವಾ ಗೆಸ್ಟ್ ರಿಲೇಷನ್ಸ್‌ಗೆ ಇಮೇಲ್. ಮೊದಲ ಸಾಲಿನಲ್ಲಿ ಬುಕಿಂಗ್ ನಂಬರು, ಬರುವ ದಿನ, ವಿಮಾನ ಇಳಿಯುವ ಸಮಯ. ಆಮೇಲೆ ಬೇಕಾದ್ದು ಎರಡೇ ಎರಡು, ಕಾರಣದ ಸಮೇತ. ‘ಅಪ್‌ಗ್ರೇಡ್ ಕೊಡಿ’ ಎನ್ನುವುದಕ್ಕಿಂತ ‘ತಾಯಿಗೆ ಟಬ್ ಹತ್ತಲಾಗದು’ ಎನ್ನುವ ಮಾತು ಹೋಟೆಲಿನವರ ಕೈ ಸಡಿಲಿಸುತ್ತದೆ. ಹಿಂದಿನ ದಿನ ಮಧ್ಯಾಹ್ನ ಒಂದು ಫೋನ್ ಮಾಡಿ, ರೂಮು ಗುರುತು ಹಾಕಿದ್ದಾರೆಯೇ ಕೇಳಿ.

ಲಾಬಿಯಲ್ಲಿರುವ ಕಾನ್ಸಿಯರ್ಜ್

ಕೋಟಿನ ಎರಡೂ ಕಾಲರಿನ ಮೇಲೆ ಒಂದರ ಮೇಲೊಂದು ಅಡ್ಡ ಇಟ್ಟ ಚಿನ್ನದ ಬಣ್ಣದ ಬೀಗದ ಕೈಗಳ ಪಿನ್ನು ಕಂಡರೆ ಆ ವ್ಯಕ್ತಿಯ ಹತ್ತಿರ ಹೋಗಿ ಮಾತನಾಡಿಸಿ. ಅದು ‘ಲೆ ಕ್ಲೆ ದೋರ್’ ಎಂಬ ಕಾನ್ಸಿಯರ್ಜ್‌ಗಳ ಸಂಘದ ಗುರುತು. 1929ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಸಂಘಕ್ಕೆ ಭಾರತದಲ್ಲೂ ಶಾಖೆಯಿದೆ. ಸದಸ್ಯರಾಗಲು ವರ್ಷಗಳ ಅನುಭವ ಬೇಕು, ಊರೂರಿನ ಸದಸ್ಯರು ಪರಸ್ಪರ ಕೆಲಸ ಮಾಡಿಕೊಡುತ್ತಾರೆ. ಇವರ ಸೇವೆಗೆ ಪ್ಲಾಟಿನಮ್ಮೂ ಬೇಡ, ಕಾರ್ಡೂ ಬೇಡ. ಆ ಹೋಟೆಲಿನ ಅತಿಥಿಯಾಗಿದ್ದರೆ ಸಾಕು.

ಕ್ಯೋಟೊದಲ್ಲಿ ಫೋನಿನಲ್ಲಿ ಜಪಾನಿ ಭಾಷೆ ಬಿಟ್ಟು ಬೇರೆ ಆಡದ ಎಂಟು ಆಸನದ ಊಟದ ಮನೆ, ಲಂಡನ್ನಿನಲ್ಲಿ ಹಠಾತ್ತಾಗಿ ಮುರಿದ ಕನ್ನಡಕ, ಮೈಸೂರಿನಲ್ಲಿ ದಸರೆಯ ಗೋಲ್ಡ್ ಕಾರ್ಡ್ ಎಲ್ಲಿ, ಯಾವಾಗ ಕೊಡುತ್ತಾರೆ ಎಂಬ ವಿಚಾರಣೆ. ಇಂಥದ್ದಕ್ಕೆಲ್ಲ ಆ ಊರಿನಲ್ಲೇ ದುಡಿಯುವ ಮನುಷ್ಯನ ಪರಿಚಯಬಲವೇ ಬೇಕು. ದೂರದ ಕಾಲ್ ಸೆಂಟರಿನಲ್ಲಿ ಕೂತವರಿಗೆ ಅದು ಬರುವುದು ಕಷ್ಟ. ಕೆಲಸ ಆದಮೇಲೆ ಕೈಗೆ ಟಿಪ್ಸ್ ಕೊಡಿ. ಹೋಟೆಲಿನ ಮ್ಯಾನೇಜರಿಗೆ ಅವರ ಹೆಸರು ಹೇಳಿ ಒಂದು ಸಾಲು ಬರೆಯಿರಿ. ಟಿಪ್ಸ್‌ಗಿಂತ ಅದು ಅವರಿಗೆ ಹೆಚ್ಚು ಉಪಕಾರ.

ಕಾರ್ಡಿನ ಕಾನ್ಸಿಯರ್ಜ್

ಭಾರತದ ಅಮೆರಿಕನ್ ಎಕ್ಸ್‌ಪ್ರೆಸ್ ಪ್ಲಾಟಿನಮ್ ಕಾರ್ಡಿಗೆ ವರ್ಷಕ್ಕೆ ₹66,000, ಜಿಎಸ್‌ಟಿ ಸೇರಿದರೆ ₹77,880. ಅದರಲ್ಲಿ ಮ್ಯಾರಿಯಟ್ ಗೋಲ್ಡ್, ಹಿಲ್ಟನ್ ಗೋಲ್ಡ್ ಬರುತ್ತವೆ. ಮ್ಯಾರಿಯಟ್ ಗೋಲ್ಡ್‌ಗೆ ತಿಂಡಿಯೂ ಇಲ್ಲ, ಲೌಂಜೂ ಇಲ್ಲ, ಆದ್ದರಿಂದ ಆ ಹೆಸರಿಗೆ ಮರುಳಾಗಬೇಡಿ. ಹಿಲ್ಟನ್ ಗೋಲ್ಡ್ ಅದಕ್ಕಿಂತ ಮೇಲು, ಏಕೆಂದರೆ ಅಮೆರಿಕದ ಹೊರಗೆ ತಿಂಡಿ ಸಿಗುತ್ತದೆ.

ಈ ಕಾರ್ಡಿನ ಬೆಲೆ ಇರುವುದು ‘ಫೈನ್ ಹೋಟೆಲ್ಸ್ ಆ್ಯಂಡ್ ರೆಸಾರ್ಟ್ಸ್’ ಪಟ್ಟಿಯಲ್ಲಿ. ಅದರ ಮೂಲಕ ಬುಕ್ ಮಾಡಿದರೆ ಇಬ್ಬರಿಗೆ ತಿಂಡಿ, ಸಂಜೆ 4ರ ಖಾತ್ರಿ ಚೆಕ್‌ಔಟ್, ಹೋಟೆಲಿನಲ್ಲೇ ಬಳಸಲು 100 ಡಾಲರ್ ಮೌಲ್ಯದ ಕ್ರೆಡಿಟ್, ಸಾಧ್ಯವಾದರೆ ಅಪ್‌ಗ್ರೇಡ್. ವರ್ಷಕ್ಕೆ ಐವತ್ತು ರಾತ್ರಿ ಹೊರಗೆ ಕಳೆಯದ, ಆದರೆ ನಾಲ್ಕೈದು ಒಳ್ಳೆಯ ರಜೆಯನ್ನು ಸ್ವಂತ ಹಣದಲ್ಲಿ ಮಾಡುವ ದಂಪತಿಗೆ ಇದು ಪ್ಲಾಟಿನಮ್ ಸ್ಟೇಟಸ್‌ಗಿಂತ ಹೊಂದುತ್ತದೆ. ರಜೆಗೆ ₹15,000ದಂತೆ ಲಾಭ ಹಿಡಿದರೂ ಶುಲ್ಕ ಹುಟ್ಟಲು ಐದು ರಜೆಯೂ ಸ್ವಲ್ಪ ಕಡಿಮೆಯೇ ಎಂಬುದು ಮಾತ್ರ ನೆನಪಿರಲಿ.

ಕಾರ್ಡಿನ ಫೋನ್ ಕಾನ್ಸಿಯರ್ಜ್‌ಗಾಗಿಯೇ ಈ ಶುಲ್ಕ ಕಟ್ಟುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಲವು ಬ್ಯಾಂಕ್‌ಗಳು ಈ ಸೇವೆಯನ್ನು ಹೊರಗಿನ ಸಂಸ್ಥೆಗಳಿಗೆ ವಹಿಸುತ್ತವೆ. ಹೂವಿನ ಗುಚ್ಛ ಕಳಿಸಲು, ಟೇಬಲ್ ಕಾಯ್ದಿರಿಸಲು, ಟಿಕೆಟ್ ವಿಚಾರಿಸಲು ಅಡ್ಡಿಯಿಲ್ಲ. ನೀವೇ ಹತ್ತು ನಿಮಿಷದಲ್ಲಿ ಮೊಬೈಲಿನಲ್ಲಿ ಮಾಡಿಕೊಳ್ಳಬಹುದಾದ ಕೆಲಸಗಳವು. ಹೊತ್ತು ಸಿಗದವರಿಗೆ ಆ ಹತ್ತು ನಿಮಿಷಕ್ಕೂ ಬೆಲೆಯಿದೆ, ಅಂಥವರು ಉಪಯೋಗಿಸಿಕೊಳ್ಳಲಿ.

ಇನ್ನೊಂದು ದಾರಿ ಟ್ರಾವೆಲ್ ಏಜೆಂಟರದು. ವರ್ಚುಸೊ ಜಾಲದ ಏಜೆಂಟರು, ಮ್ಯಾರಿಯಟ್‌ನ ‘ಸ್ಟಾರ್ಸ್’, ಹಯಾತ್‌ನ ‘ಪ್ರಿವೆ’ ಯೋಜನೆಗಳಲ್ಲಿರುವ ಏಜೆಂಟರು ಬುಕ್ ಮಾಡಿಕೊಟ್ಟರೆ ತಿಂಡಿ, ಕ್ರೆಡಿಟ್, ಅಪ್‌ಗ್ರೇಡ್ ಆದ್ಯತೆ ಬರುತ್ತದೆ, ಸ್ಟೇಟಸ್ ಇಲ್ಲದವರಿಗೂ. ಫೋರ್ ಸೀಸನ್ಸ್‌ಗೆ ಪಾಯಿಂಟ್ಸ್ ಯೋಜನೆಯೇ ಇಲ್ಲ, ಅಲ್ಲಿ ಇಂಥ ಏಜೆಂಟರೇ ಸರಿಯಾದ ದಾರಿ. ರಿಟ್ಜ್‌ನಲ್ಲಿ ಪ್ಲಾಟಿನಮ್‌ಗೆ ಸಿಗದ ತಿಂಡಿ ಈ ದಾರಿಯಲ್ಲಿ ಸಿಗುತ್ತದೆ.

ಹಯಾತ್, ತಾಜ್ ಮತ್ತು ನಮ್ಮ ಕಾಡು ತೋಟ

ಒಂದೇ ಬಳಗವನ್ನು ಶುದ್ಧ ಗುಣಮಟ್ಟದ ಮೇಲೆ ಆರಿಸು ಎಂದರೆ ನಾನು ಹಯಾತ್‌ನ ಗ್ಲೋಬಲಿಸ್ಟ್ ದರ್ಜೆಯನ್ನು ಆರಿಸುತ್ತೇನೆ. ಅದಕ್ಕೆ 60 ರಾತ್ರಿ. ಪೂರ್ತಿ ತಿಂಡಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ. ಬಳಗದ ದುಬಾರಿ ಹೆಸರಾದ ಪಾರ್ಕ್ ಹಯಾತ್‌ನಲ್ಲೂ ಇದೇ ನಿಯಮ, ಬ್ರ್ಯಾಂಡ್ ನೋಡಿ ಕೈ ಬಿಗಿ ಮಾಡುವುದಿಲ್ಲ. ಮೈ ಹಯಾತ್ ಕಾನ್ಸಿಯರ್ಜ್ ಎಂಬ ಗೊತ್ತುಮಾಡಿದ ಒಬ್ಬರು 60 ರಾತ್ರಿಗೇ ಸಿಗುತ್ತಾರೆ, ಖರ್ಚಿನ ಗೋಡೆ ಇಲ್ಲ. ಜೊತೆಗೆ ‘ಗೆಸ್ಟ್ ಆಫ್ ಆನರ್’ ಅವಾರ್ಡ್ ಮೂಲಕ ನಿಮ್ಮ ಸೌಲಭ್ಯವನ್ನು ಇನ್ನೊಬ್ಬರ ಪ್ರವಾಸಕ್ಕೆ ಕೊಡಬಹುದು. ನೀವು ಕೆಲಸದಲ್ಲಿದ್ದು ಅಪ್ಪ ಅಮ್ಮನನ್ನು ಕಳಿಸುವಾಗ ಇದರಷ್ಟು ಒಳ್ಳೆಯದು ಮತ್ತೊಂದಿಲ್ಲ. ಮ್ಯಾರಿಯಟ್‌ನಲ್ಲಿ ಸದಸ್ಯನೇ ರೂಮಿನಲ್ಲಿ ಉಳಿದಿರಬೇಕು.

ತೊಡಕು ಒಂದೇ. ಹಯಾತ್ ಹೋಟೆಲ್‌ಗಳು ಜಗತ್ತಿನಲ್ಲೆಲ್ಲ ಸೇರಿ 1,400ಕ್ಕೂ ಹೆಚ್ಚು, ಮ್ಯಾರಿಯಟ್‌ಗೆ ಹೋಲಿಸಿದರೆ ಬಹಳ ಕಡಿಮೆ. ಕರ್ನಾಟಕದಲ್ಲಿ ಬೆಂಗಳೂರಿನ ಕೆಲವು, ತೋರಣಗಲ್ಲಿನ ಹಯಾತ್ ಪ್ಲೇಸ್ ಹಂಪಿ ಎಂದು ಬೆರಳೆಣಿಕೆ. ನಿಮ್ಮ ಕೆಲಸದ ಊರುಗಳಲ್ಲಿ ಹಯಾತ್ ಇದೆಯೇ ಎಂದು ನಕ್ಷೆ ನೋಡಿದ ಮೇಲೆ ತೀರ್ಮಾನಿಸಿ.

ತಾಜ್‌ನ ಲೆಕ್ಕ ಸರಳ. ಅಲ್ಲಿನ ಪಾಯಿಂಟ್ಸ್‌ಗೆ ನ್ಯೂಕಾಯಿನ್ ಎಂದು ಹೆಸರು. ಒಂದು ನ್ಯೂಕಾಯಿನ್ ಒಂದು ರೂಪಾಯಿ, ಯಾವ ಚಾರ್ಟೂ ನೋಡಬೇಕಿಲ್ಲ. ರಜೆಗೆ ಮಡಿಕೇರಿಯ ತಾಜ್, ಬೆಂಗಳೂರಿಗೆ ಬಂದರೆ ವೆಸ್ಟ್ ಎಂಡ್ ಎನ್ನುವ ಕುಟುಂಬಗಳಿಗೆ ಇದು ಸಾಕು. ಹೊರದೇಶದಲ್ಲಿ ತಾಜ್ ಕಡಿಮೆ, ಅಷ್ಟೇ.

ಇಷ್ಟೆಲ್ಲ ಎಣಿಸುವಾಗ ಒಂದು ಮಾತು ಬಿಟ್ಟುಹೋಗಬಾರದು. ನಮ್ಮ ನಾಡಿನ ಉತ್ತಮ ರಾತ್ರಿಗಳು ಬಹಳಷ್ಟು ಯಾವ ಬಳಗಕ್ಕೂ ಸೇರಿಲ್ಲ. ಜಂಗಲ್ ಲಾಡ್ಜಸ್‌ನ ಕಬಿನಿ, ಎವಾಲ್ವ್ ಬ್ಯಾಕ್‌ನ ಕೊಡಗು, ಹಂಪಿ, ಚಿಕ್ಕಮಗಳೂರು ಮತ್ತು ಸಕಲೇಶಪುರದ ತೋಟದ ಹೋಮ್‌ಸ್ಟೇಗಳು, ಇವುಗಳಲ್ಲಿ ನಿಮ್ಮ ಟೈಟೇನಿಯಮ್ ಏನೂ ಮಾಡುವುದಿಲ್ಲ. ರಾತ್ರಿ ಎಣಿಕೆಗಾಗಿ ಇವುಗಳನ್ನು ಬಿಟ್ಟು ಊರ ಹೊರಗಿನ ಬಿಸಿನೆಸ್ ಹೋಟೆಲಿನಲ್ಲಿ ಮಕ್ಕಳ ದಸರಾ ರಜೆ ಕಳೆದವರನ್ನು ಕಂಡಿದ್ದೇನೆ. ಅದು ನನಗೆ ನಿಜವಾಗಿ ಸಂಕಟವಾಗುತ್ತದೆ.

ಯಾರು ಯಾವುದನ್ನು

ಆಫೀಸಿನ ಕೆಲಸಕ್ಕೆ ವರ್ಷಕ್ಕೆ ನಲವತ್ತು ರಾತ್ರಿ ದಾಟುವವರು: ಎಚ್‌ಡಿಎಫ್‌ಸಿ ಮ್ಯಾರಿಯಟ್ ಕಾರ್ಡು, ಪ್ಲಾಟಿನಮ್. ಅರವತ್ತರ ಹತ್ತಿರ ಇದ್ದು ಊರುಗಳು ಹೊಂದಿದರೆ ಗ್ಲೋಬಲಿಸ್ಟ್. ದೊಡ್ಡ ಕಂಪನಿಗಳಲ್ಲಿ ಇರುವವರು ಎಚ್‌ಆರ್ ಅಥವಾ ಟ್ರಾವೆಲ್ ಡೆಸ್ಕ್ ಬಳಿ ಸ್ಟೇಟಸ್ ಚಾಲೆಂಜ್ ಇದೆಯೇ ಎಂದು ಕೇಳಿ. ಕೆಲವು ಕಂಪನಿಗಳ ನೌಕರರಿಗೆ ಮೂರು ತಿಂಗಳಲ್ಲಿ ಐವತ್ತಕ್ಕಿಂತ ಬಹಳ ಕಡಿಮೆ ರಾತ್ರಿ ಉಳಿದರೂ ಪ್ಲಾಟಿನಮ್ ಕೊಡುವ ಅವಕಾಶ ಇರುತ್ತದೆ.

ಟ್ರಾವೆಲ್ ಡೆಸ್ಕ್‌ನ ಬುಕಿಂಗ್ ಎಲ್ಲಿಂದ ಆಗುತ್ತದೆ ಎಂಬುದನ್ನು ಮೊದಲ ವಾರದಲ್ಲೇ ತಿಳಿದುಕೊಳ್ಳಿ. ಮೇಕ್‌ಮೈಟ್ರಿಪ್, ಬುಕಿಂಗ್ ಡಾಟ್ ಕಾಮ್‌ನಂಥ ಹೊರಗಿನ ಜಾಲತಾಣದಿಂದ ಮಾಡಿದ ರೂಮಿಗೆ ರಾತ್ರಿಯೂ ಎಣಿಸುವುದಿಲ್ಲ, ಪಾಯಿಂಟ್ಸೂ ಬರುವುದಿಲ್ಲ. ಮೂವತ್ತು ರಾತ್ರಿ ಆದಮೇಲೆ ಇದು ಗೊತ್ತಾದರೆ ಯಾರ ಬಳಿ ಜಗಳವಾಡಿಯೂ ಪ್ರಯೋಜನವಿಲ್ಲ. ನಿಮ್ಮ ಸದಸ್ಯತ್ವದ ನಂಬರು ಬುಕಿಂಗ್‌ನಲ್ಲಿ ಇದೆಯೇ ಎಂದು ಪ್ರತಿ ಸಲ ನೋಡಿ.

ವರ್ಷಕ್ಕೆ ಇಪ್ಪತ್ತು ರಾತ್ರಿಯೊಳಗೆ, ಅದೂ ಸ್ವಂತ ರಜೆ: ಸ್ಟೇಟಸ್ ಮರೆತುಬಿಡಿ. ಒಳ್ಳೆಯ ಏಜೆಂಟ್ ಅಥವಾ ಆ ಅಮೆರಿಕನ್ ಎಕ್ಸ್‌ಪ್ರೆಸ್ ಪಟ್ಟಿ, ಹೋಟೆಲಿಗೆ ಒಂದು ಇಮೇಲ್, ಲಾಬಿಯ ಕಾನ್ಸಿಯರ್ಜ್. ಪ್ಲಾಟಿನಮ್ ಕೊಡುವುದರ ಮುಕ್ಕಾಲು ಪಾಲು ಅಲ್ಲೇ ಸಿಕ್ಕಿತು.

ಅಮೆರಿಕದಲ್ಲಿರುವ ಕನ್ನಡಿಗರ ಸ್ಥಿತಿ ಬೇರೆ. ಅಲ್ಲಿ ಮ್ಯಾರಿಯಟ್ ಬ್ರಿಲಿಯಂಟ್ ಕಾರ್ಡಿಗೆ 650 ಡಾಲರ್ ಕಟ್ಟಿದರೆ ಒಂದು ರಾತ್ರಿಯೂ ಉಳಿಯದೆ ಪ್ಲಾಟಿನಮ್, ಹಿಲ್ಟನ್ ಆಸ್ಪೈರ್ ಕಾರ್ಡಿಗೆ 550 ಡಾಲರಿಗೆ ಹಿಲ್ಟನ್ ಬಳಗದ ಡೈಮಂಡ್ ದರ್ಜೆ. ಆದ್ದರಿಂದಲೇ ಅಲ್ಲಿನ ಹೋಟೆಲ್‌ಗಳಲ್ಲಿ ಸೂಟಿಗೆ ಸಾಲು ದೊಡ್ಡದು. ಆ ಕಾರ್ಡಿನ ಪ್ಲಾಟಿನಮ್ ಹಿಡಿದು ಊರಿಗೆ ಬಂದಾಗ ಬೆಂಗಳೂರು, ಕೊಡಗಿನಲ್ಲಿ ಸಿಗುವ ಆದರ ಅಲ್ಲಿಗಿಂತ ಹೆಚ್ಚು. ವರ್ಷಕ್ಕೊಮ್ಮೆ ಅಪ್ಪ ಅಮ್ಮನ ಜೊತೆ ಒಂದು ವಾರ ಹೋಟೆಲಿನಲ್ಲಿ ಉಳಿಯುವ ರೂಢಿ ಇರುವವರಿಗೆ ಆ ಒಂದು ವಾರವೇ ಕಾರ್ಡಿನ ಶುಲ್ಕದ ದೊಡ್ಡ ಪಾಲನ್ನು ತೀರಿಸುತ್ತದೆ.

ದೀರ್ಘಾವಧಿಗೆ ಯೋಚಿಸುವವರಿಗೆ ಒಂದು ವಿಷಯ. ಒಟ್ಟು 600 ರಾತ್ರಿ, ಜೊತೆಗೆ ಹತ್ತು ವರ್ಷ ಪ್ಲಾಟಿನಮ್ ಅಥವಾ ಮೇಲಿನ ದರ್ಜೆ ಆದರೆ ಮ್ಯಾರಿಯಟ್‌ನಲ್ಲಿ ಪ್ಲಾಟಿನಮ್ ಜೀವನಪರ್ಯಂತ. ವರ್ಷಕ್ಕೆ ಐವತ್ತರಂತೆ ಹತ್ತು ವರ್ಷಕ್ಕೆ ಐನೂರು, ಮೇಲೆ ನೂರು. ಮೂವತ್ತರ ವಯಸ್ಸಿನಲ್ಲಿ ಕನ್ಸಲ್ಟಿಂಗ್‌ಗೆ ಸೇರಿದವರು ನಲವತ್ತರ ಹೊತ್ತಿಗೆ ಇದನ್ನು ಮುಟ್ಟುವುದು ಸಾಧ್ಯ. ಪ್ರಯಾಣ ಕಡಿಮೆಯಾಗಿ, ಹೋಟೆಲ್ ಖರ್ಚು ಸ್ವಂತ ಜೇಬಿಗೆ ಬರುವ ವಯಸ್ಸಿನಲ್ಲಿ ಅದರ ಬೆಲೆ ಇನ್ನೂ ಹೆಚ್ಚು. ಒಂದೇ ಬಳಗಕ್ಕೆ ಅಂಟಿಕೊಳ್ಳಲು ನನಗೆ ಒಪ್ಪಿಗೆಯಾಗುವ ಕಾರಣ ಇದೊಂದೇ.

ಹಾಗೆಯೇ ಒಂದು ವರ್ಷ ರಾತ್ರಿ ಕಡಿಮೆಯಾದರೆ ಗಾಬರಿ ಬೇಡ. 2026ರಲ್ಲಿ ಐವತ್ತು ಮುಗಿಸಿದವರ ಪ್ಲಾಟಿನಮ್ 2028ರ ಫೆಬ್ರವರಿ ಕೊನೆಯವರೆಗೆ ಇರುತ್ತದೆ. ಅಂದರೆ 2027 ಪೂರ್ತಿ ಎಣಿಕೆ ನೋಡದೆ ಇರಬಹುದು. ಆ ವರ್ಷದ ರಜೆಗೆ ಸಕಲೇಶಪುರದ ಹೋಮ್‌ಸ್ಟೇಗೆ ಫೋನ್ ಮಾಡಿ, ಕಾಫಿ ಹೂ ಬಿಡುವ ಹೊತ್ತಿಗೆ ರೂಮು ಇದೆಯೇ ಕೇಳಿ. ಮಾರ್ಚ್ ಏಪ್ರಿಲ್‌ಗೆ ಬೇಗ ಭರ್ತಿಯಾಗುತ್ತದೆ.